ಶ್ರಾವಣ ಸೋಮವಾರದ ಬಯೋಸ್ಕೋಪು

ಮಾತಾಡುವ ಸಿನಿಮಾ ಬಂದ ಮೇಲೆ ಪುಣೆಯ ಥೇಟರುಗಳು ಕೆಟ್ಟವು ಎಂಬುದು ಖಣದಂಗಡಿಯ ಈರಬಸಪ್ಪನ ಖಾಯಂ ದೂರು. ಇಡೀ ಜನ್ಮದಲ್ಲಿ ಒಂದೇ ಒಂದು ಬಯೋಸ್ಕೋಪು ನೋಡಿದವನಿಗೆ ಇಂಥ ದೂರು ಹೇಳುವ ಹಕ್ಕು ಎಲ್ಲಿಂದ ಬಂತು ಎಂದು ಮಗಳು ಅಪ್ಪಿ ಕೆಣಕುತ್ತಾಳೆ. ಎರಡನೆಯ ಲಡಾಯಿಯೂ ಮುಗಿದು ಸೋಲ್ಜರುಗಳು ಊರೂರಿಗೆ ಮರಳುತ್ತಿರುವ ಈ ದಿನಗಳಲ್ಲಿ, ಸಂಜೆ ಅಂಗಡಿ ಮುಚ್ಚಿ ಮನೆಗೆ ಹೋಗುವಾಗ, ಹಳೆಯ ತಗಡಿನ ಥೇಟರು ಇದ್ದ ಜಾಗಕ್ಕೆ ಬಂದರೆ ಆತನ ನಡಿಗೆ ತಾನಾಗಿಯೇ ನಿಧಾನವಾಗುತ್ತದೆ. ಅಲ್ಲೀಗ ಕಟ್ಟಿಗೆಯ ವಖಾರಿ ಆಗಿದೆ. ಈರಬಸಪ್ಪ ಒಂದು ಗಳಿಗೆ ನಿಂತು, ಯಾರಾದರೂ ನೋಡಿದರೆ ಕಟ್ಟಿಗೆಯ ಧಾರಣೆ ಕೇಳಿದಂತೆ ಮಾಡಿ ಮುಂದೆ ಹೋಗುತ್ತಾನೆ.

ಆ ಥೇಟರು ಇದ್ದ ಕಾಲಕ್ಕೆ ರವಿವಾರ ಪೇಠೆಯಲ್ಲಿ ಆತನ ಅಂಗಡಿ ಎಂದರೆ ಹೆಣ್ಣುಮಕ್ಕಳ ಜಾತ್ರೆ. ಗುಳೇದಗುಡ್ಡದ ಕುಪ್ಪಸದ ಖಣ, ಇಳಕಲ್ಲಿನ ಸೀರೆ, ಎರಡೂ ಊರ ಕಡೆಯಿಂದ ನೇರ ಇಳಿಯುತ್ತಿದ್ದವು. ಸದಾಶಿವ ಪೇಠೆಯ ವಾಡೆಗಳಿಂದ ಬ್ರಾಹ್ಮಣರ ಹೆಂಗಸರು ಗುಂಪುಗಟ್ಟಿ ಬಂದು, ಅರ್ಧ ದಿನ ಕುಳಿತು, ಇಡೀ ಅಂಗಡಿ ಬಿಚ್ಚಿಸಿ, ಒಂದು ಖಣ ಕತ್ತರಿಸಿಕೊಂಡು ಹೋಗುತ್ತಿದ್ದರು. ಈರಬಸಪ್ಪ ಬೇಸರಪಡುತ್ತಿರಲಿಲ್ಲ. ಆತನಿಗೆ ವ್ಯಾಪಾರಕ್ಕಿಂತ ಮರ್ಯಾದೆಯ ಚಿಂತೆ ಹೆಚ್ಚು. ಪರ ಊರಲ್ಲಿ ತಲೆ ತಗ್ಗಿಸಿ ನಡೆಯಬೇಕು, ನಾಲ್ಕು ಜನ ಬೊಟ್ಟು ಮಾಡಿ ತೋರಿಸುವಂಥದ್ದು ಮನೆಯಲ್ಲಿ ಆಗಬಾರದು ಎನ್ನುವವನು.

ಹೆಂಡತಿ ಬಸವಣ್ಣೆವ್ವನಿಗೆ ಒಬ್ಬನೇ ತಮ್ಮ, ಶಿವಪುತ್ರಪ್ಪ. ತಾಯಿ ಇಲ್ಲದ ಹುಡುಗ. ಅಕ್ಕನ ಮದುವೆಯಾದಾಗ ಆಕೆಯ ಸೆರಗು ಹಿಡಿದು ಧಾರವಾಡದ ಕಡೆಯಿಂದ ಪುಣೆಗೆ ಬಂದವನು ಇಲ್ಲೇ ಬೆಳೆದ. ಅಂಗಡಿಯಲ್ಲಿ ಕೂರಿಸಿದರೆ ಗಜಕೋಲು ಹಿಡಿದು ನಿದ್ದೆ ಹೊಡೆಯುತ್ತಿದ್ದ. ತಾಲೀಮಿಗೆ ಮಾತ್ರ ಕೋಳಿ ಕೂಗುವ ಮೊದಲೇ ಎದ್ದು ಓಡುತ್ತಿದ್ದ. ಮಳೆಗಾಲದಲ್ಲಿ ಮುಠಾ ನದಿ ಕೆಂಪಾಗಿ ಉಕ್ಕಿದರೆ ಲಕಡಿ ಪುಲ್ಲೆಂಬ ಸೇತುವೆಯ ಮೇಲಿಂದ ಹಾರಿ, ಬಹಳ ದೂರ ಹೋಗಿ ತಲೆ ಎತ್ತಿ ಅಕ್ಕನ ಜೀವ ಬಾಯಿಗೆ ತರಿಸುತ್ತಿದ್ದ. ಒಂದು ಸಲ ಜೇಜುರಿಯ ಗುಡ್ಡದ ದೇವರಿಗೆ ಹೋದಾಗ ಪುಟ್ಟ ಅಪ್ಪಿಯನ್ನು ಹೆಗಲ ಮೇಲೆ ಹೊತ್ತು ಮೆಟ್ಟಿಲೆಲ್ಲ ಓಡಿ ಹತ್ತಿದ. ಮೇಲೆ ಭಂಡಾರದಲ್ಲಿ ಮಿಂದು ಅಡಿಯಿಂದ ಮುಡಿಯವರೆಗೆ ಹಳದಿಯಾಗಿ ನಿಂತು, ಹಿಂದೆ ಏದುಸಿರು ಬಿಡುತ್ತ ಬಂದ ಈರಬಸಪ್ಪನನ್ನು ನೋಡಿ ನಕ್ಕದ್ದು ಈತನ ಕಣ್ಣಿಗೆ ಇನ್ನೂ ಕಟ್ಟಿದಂತಿದೆ. ಅಕ್ಕನ ಗಂಡನನ್ನು ಅವನು ಮಾವ ಎಂದೇ ಕರೆಯುತ್ತಿದ್ದ; ಆ ಮಾವನಿಗೂ ನಗದೆ ಇರಲಾಗಲಿಲ್ಲ. ಅಂಥ ಹುಡುಗನ ಮೇಲೆ ಸಿಟ್ಟು ಮಾಡುವುದು ಬಲು ಕಷ್ಟದ ಕೆಲಸವಾಗಿತ್ತು.

ಮೊದಲನೆಯ ಲಡಾಯಿ ಬಂತು. ತಾಲೀಮಿನ ಹುಡುಗರ ಜೊತೆ ಮೈ ಅಳೆಯಿಸಿಕೊಂಡು ಬರುತ್ತೇನೆಂದು ಹೋದ ಶಿವಪುತ್ರಪ್ಪ ಪಲಟಣಕ್ಕೆ ಸೇರಿಯೇ ಬಂದ. ಬೆಳಗಾವಿಯಿಂದ ಮುಂಬಯಿಗೆ ಹೊರಟ ಗಾಡಿ ಪುಣೆಯ ಸ್ಟೇಷನ್ನಿನಲ್ಲಿ ನಿಂತಾಗ ಬಸವಣ್ಣೆವ್ವ ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿಯನ್ನು ಕಿಟಕಿಯಲ್ಲಿ ತುರುಕಿದಳು. ಇಷ್ಟನ್ನೂ ತಿಂದರೆ ಹಡಗು ಮುಳುಗುತ್ತದೆ ಎಂದು ಅವನು ಅಕ್ಕನನ್ನು ನಗಿಸಿದ. ಹಡಗು ಮುಳುಗಲಿಲ್ಲ, ಅರಬರ ನಾಡಿನ ಬಸರಾ ಬಂದರು ಮುಟ್ಟಿತು. ಅಲ್ಲಿಂದ ಮೇಲೆ ಎಲ್ಲೋ ಒಂದು ನದಿಯ ದಂಡೆಯಲ್ಲಿ ಹುಡುಗ ಗುಂಡಿಗೆ ಬಿದ್ದ.

ಸುದ್ದಿ ತಂದವನು ಊರ ಕಡೆಯಿಂದ ಖಣ ತರುವ ಕಾಡಪ್ಪ. ಖಣದ ಗಂಟನ್ನು ಅಂಗಡಿಯ ಕಟ್ಟೆಯ ಮೇಲಿಟ್ಟು, ರುಮಾಲು ತೆಗೆದು, ಹುಡುಗನ ತಂದೆಗೆ ಸರಕಾರದ ಕಾಗದ ಬಂದಿದೆ ಎಂದು ಈರಬಸಪ್ಪನ ಕಿವಿಯಲ್ಲಿ ಹೇಳಿದ. ಅಂದು ಶುಕ್ರವಾರ. ಮನೆಯಲ್ಲಿ ಈರಬಸಪ್ಪನ ತಂಗಿಯ ಮದುವೆ. ಹಂದರ ಹಾಕಿಯಾಗಿತ್ತು, ಬೀಗರು ಸೊಲ್ಲಾಪುರದಿಂದ ಬಂದು ಇಳಿದಿದ್ದರು. ಈರಬಸಪ್ಪ ಕಾಡಪ್ಪನಿಗೆ ಬಾಯಿ ಬಿಡಬೇಡ ಎಂದ. ಮನೆಗೆ ಬಂದಾಗ ಒಳಗೆ ಅರಿಷಿಣ ಹಚ್ಚುವ ಶಾಸ್ತ್ರ ನಡೆದಿತ್ತು, ಬಸವಣ್ಣೆವ್ವ ಹಾಡುತ್ತಿದ್ದಳು. ಮದುವೆಯ ಹಾಡಿಗೆ ಆಕೆಯ ದನಿಯೇ ಬೇಕೆಂದು ಬಂಧು ಬಳಗದವರು ಕರೆಕಳಿಸುತ್ತಿದ್ದ ಕಾಲ ಅದು. ಆತ ಹಂದರದ ಕಂಬ ಹಿಡಿದು ಕೇಳುತ್ತ ನಿಂತ. ಮದುವೆ ನಿಂತರೆ ತಂಗಿಯ ಗತಿ ಏನು, ಬೀಗರೆದುರು ತನ್ನ ಗತಿ ಏನು ಎಂದು ಲೆಕ್ಕ ಹಾಕಿದ. ತಪ್ಪು ಲೆಕ್ಕ ಎಂದು ಯಾರೂ ಹೇಳಲಾರರು. ಮಂಗಳವಾರ ಮದುಮಗಳನ್ನು ಕಳಿಸಿದ ಮೇಲೆ ಹೆಂಡತಿಯನ್ನು ಒಳಗೆ ಕರೆದು ಹೇಳಿದ.

ಆಕೆ ಕೇಳಿದ್ದು ಒಂದೇ ಮಾತು.

"ನಿಮಗ ಎಂದ ಗೊತ್ತಾತ್ರಿ?"

"ಶುಕ್ರವಾರ."

ಬಸವಣ್ಣೆವ್ವ ಅಳಲಿಲ್ಲ. ಅವರ ಕಡೆ ಸತ್ತವರ ಮುಂದೆ ಕುಳಿತು ಹೆಣ್ಣುಮಕ್ಕಳು ಹಾಡಿಕೊಂಡು ಅಳುತ್ತಾರೆ. ಸತ್ತವರ ಗುಣ ಹೇಳುತ್ತಾರೆ, ಬಂದವರನ್ನೆಲ್ಲ ಹೆಣಕ್ಕೆ ಒಬ್ಬೊಬ್ಬರಾಗಿ ತೋರಿಸುತ್ತಾರೆ, ಬಾರದವರನ್ನು ದೂರುತ್ತಾರೆ. ಆದರೆ ಮುಂದೆ ಒಂದು ಮುಖ ಇರಬೇಕು. ಮುಖವಿಲ್ಲದೆ ಹಾಡಿದರೆ ಬದುಕಿದವರಿಗೇ ಕೇಡು. ತವರಿಗೆ ಹೋದರೆ ಮುದಿ ತಂದೆ, ಸರಕಾರದವರು ಯಾರದೋ ಹೆಸರು ಕೇಳಿ ಬರೆದಿದ್ದಾರೆ, ನನ್ನ ಮಗ ಬರುತ್ತಾನೆ, ಮನೆಯಲ್ಲಿ ಯಾರಾದರೂ ಕಣ್ಣೀರು ಹಾಕಿದರೆ ನೋಡಿ ಎಂದು ಕೋಲು ಹಿಡಿದು ಕೂತಿದ್ದ. ಆಕೆ ಮರಳಿ ಬಂದಳು. ತಂದೆ ಹಾಗೆಯೇ ದಾರಿ ಕಾಯುತ್ತ ತೀರಿಕೊಂಡ.

ಅಂದಿನಿಂದ ಬಸವಣ್ಣೆವ್ವ ಹಾಡುವುದನ್ನು ಬಿಟ್ಟಳು. ಯಾರ ಮದುವೆಗೆ ಕರೆದರೂ ಹೋಗಿ, ಕೆಲಸ ಮಾಡಿ, ಉಂಡು ಬರುತ್ತಿದ್ದಳು. ಹಾಡು ಎಂದರೆ ಗಂಟಲು ಸರಿ ಇಲ್ಲ ಎನ್ನುತ್ತಿದ್ದಳು. ಗಂಡನ ಜೊತೆ ಜಗಳವಿಲ್ಲ, ಕೊಂಕಿಲ್ಲ, ಉಪ್ಪು ಹೆಚ್ಚು ಕಡಿಮೆ ಕೂಡ ಆಗಲಿಲ್ಲ. ಅದೇ ಈರಬಸಪ್ಪನಿಗೆ ಸಂಕಟ. ಬೈದಿದ್ದರೆ ಬೈಸಿಕೊಂಡು ಹಗುರಾಗುತ್ತಿದ್ದ. ಶಿವಪುತ್ರಪ್ಪನ ಹೆಸರನ್ನು ಆಕೆ ಎತ್ತುತ್ತಿರಲಿಲ್ಲ, ಎತ್ತಲು ಈತನಿಗೆ ಬಾಯಿ ಬರುತ್ತಿರಲಿಲ್ಲ. ವರ್ಷಗಳು ಹೀಗೆಯೇ ಸರಿದು, ಅಪ್ಪಿ ಗಂಡನ ಮನೆಗೆ ಹೋದಳು. ಆಮೇಲೆ ಮನೆ ಇನ್ನೂ ಶಾಂತವಾಯಿತು.

ಬಯೋಸ್ಕೋಪಿಗೆ ಹೋಗುವ ಮಾತು ತೆಗೆದವರು ವಾಡೆಯ ನೆರೆಯ ಗೋದಾಬಾಯಿ. ತಗಡಿನ ಥೇಟರಿಗೆ ಶಿವನ ಲೀಲೆಯ ಚಿತ್ರ ಬಂದಿದೆ, ಕೈಲಾಸವೇ ಕಾಣುತ್ತದಂತೆ ಎಂದು ಪೇಠೆಯ ತುಂಬ ಸುದ್ದಿ. ಶ್ರಾವಣ ಸೋಮವಾರ ಮೂರು ಗಂಟೆಯ ಆಟಕ್ಕೆ ಹೆಂಗಸರೆಲ್ಲ ಉಪವಾಸವಿದ್ದು, ತಲೆಗೆ ನೀರು ಹಾಕಿಕೊಂಡು, ಬಿಲ್ವಪತ್ರೆ, ಕಾಯಿ, ಕರ್ಪೂರ ಹಿಡಿದು ಹೊರಟರು. ಬಯೋಸ್ಕೋಪಿನ ದೇವರಿಗೆ ಆಗ ಹಾಗೆಯೇ ಹೋಗುತ್ತಿದ್ದರು. ಬಸವಣ್ಣೆವ್ವ ತಾನಾಗಿ ಬರುತ್ತೇನೆ ಎಂದದ್ದೇ ದೊಡ್ಡದಾಗಿ, ಈರಬಸಪ್ಪ ಅಂಗಡಿ ಮುಚ್ಚಿ ಜೊತೆಗೆ ಬಂದ. ಹಗಲು ಹೊತ್ತು ಆತ ಅಂಗಡಿ ಮುಚ್ಚಿದ್ದನ್ನು ನೋಡಿ ಎದುರಿನ ಅಂಗಡಿಯ ಬೋಹರಿ ವ್ಯಾಪಾರಿ, ಮನೆಯಲ್ಲಿ ಎಲ್ಲ ಕ್ಷೇಮವೇ ಎಂದು ವಿಚಾರಿಸಿದ.

ಥೇಟರಿನ ಬಾಗಿಲಲ್ಲಿ ಎಲ್ಲರೂ ಚಪ್ಪಲಿ ಬಿಟ್ಟರು. ಒಳಗೆ ಗಂಡಸರಿಗೆ ಮುಂದೆ ಬೆಂಚು, ಹೆಂಗಸರಿಗೆ ಹಿಂದೆ ಎತ್ತರದ ಕಟ್ಟೆ, ನಡುವೆ ಅವರ ನೋಟಕ್ಕೆ ಅಡ್ಡ ಬಾರದಷ್ಟು ಎತ್ತರದ ಕರಿಯ ಪರದೆ. ದೀಪ ಆರುವ ಮೊದಲು ಬಾಳಕೃಷ್ಣಪಂತ ಮುಂದೆ ಬಂದು ನಿಂತರು. ಥೇಟರಿನ ಕಾರಭಾರಿ ಅವರೇ, ಚಿತ್ರ ಓಡುವಾಗ ಪಕ್ಕದಲ್ಲಿ ನಿಂತು ಬಿಳಿ ಪಡದೆಯ ಮೇಲೆ ಬರುವ ಇಂಗ್ರಜಿ ಅಕ್ಷರಗಳನ್ನು ಮರಾಠಿಯಲ್ಲಿ ಗಟ್ಟಿಯಾಗಿ ಹೇಳುವವರೂ ಅವರೇ. ಶಿವನ ಚಿತ್ರದ ಡಬ್ಬಿ ರೈಲಿನವರ ಗದ್ದಲದಲ್ಲಿ ಮದ್ರಾಸಿನ ಕಡೆ ಹೋಗಿಬಿಟ್ಟಿದೆ, ಇವತ್ತು ಅದರ ಬದಲು ವಿಲಾಯತಿಯ ಲಡಾಯಿಯ ಚಿತ್ರ, ಮಾಯಿಯರು ಕ್ಷಮಿಸಬೇಕು ಎಂದು ಕೈ ಮುಗಿದರು. ಹಿಂದೆ ಗುಸುಗುಸು ಎದ್ದಿತು. ಆದರೆ ಹೊರಗೆ ಮಳೆ ಹಿಡಿದಿತ್ತು, ತಿಕೀಟೂ ಹರಿದಾಗಿತ್ತು. ದೇವರಿಗೆಂದು ತಂದ ಪತ್ರೆ, ಕಾಯಿಗಳನ್ನು ಉಡಿಯಲ್ಲೇ ಇಟ್ಟುಕೊಂಡು ಹೆಂಗಸರು ಕೂತರು.

ಚಿತ್ರದ ಹುಡುಗ ಒಬ್ಬ ಹಾಲು ಮಾರುವವನು. ತೆಳ್ಳಗೆ, ಬಿಳಿಚಿಕೊಂಡ ಮುಖ, ಚೂಪು ಮೂಗು. ಶಿವಪುತ್ರಪ್ಪನಿಗೂ ಅವನಿಗೂ ಕೂದಲೆಳೆಯ ಹೋಲಿಕೆಯೂ ಇಲ್ಲ. ತಾಲೀಮಿನಲ್ಲಿ ಶಿವಪುತ್ರಪ್ಪ ಇಂಥವರನ್ನು ಎಡಗೈಯಲ್ಲಿ ಎತ್ತುತ್ತಿದ್ದ ಎಂದು ಈರಬಸಪ್ಪ ಮನಸ್ಸಿನಲ್ಲೇ ಅಂದುಕೊಂಡ. ಹಾಗೆ ಅಂದುಕೊಂಡದ್ದೇ ತಪ್ಪಾಯಿತು, ಆಮೇಲೆ ಆ ಹುಡುಗ ಕಾಣಿಸಿದಾಗೆಲ್ಲ ಶಿವಪುತ್ರಪ್ಪನೂ ಎದುರಿಗೆ ಬಂದ. ಹಾಲಿನವನು ಕುದುರೆಗೆ ಮುತ್ತು ಕೊಟ್ಟು ಲಡಾಯಿಗೆ ಹೋದ. ಕಂದಕದಲ್ಲಿ ಮೊಳಕಾಲುದ್ದ ಕೆಸರು. ಗೆಳೆಯನ ಪಾಲಿನ ರೊಟ್ಟಿಯನ್ನು ಇಲಿ ಒಯ್ದಾಗ ಗಂಡಸರೆಲ್ಲ ನಕ್ಕರು. ಪಂತರು ಮಾತ್ರ ಕಥೆ ಹೇಳುತ್ತ ಹೇಳುತ್ತ ದನಿ ಇಳಿಸಿದ್ದರು. ಕೊನೆಗೆ ಗಾಯಗೊಂಡವನೊಬ್ಬನನ್ನು ಎಳೆದು ತರಲು ಹೋದ ಹಾಲಿನ ಹುಡುಗನಿಗೆ ಗುಂಡು ಬಡಿಯಿತು. ನೀರು ನಿಂತ ಹಳ್ಳದ ದಂಡೆಯಲ್ಲಿ ಅಂಗಾತ ಬಿದ್ದ. ಅವನ ಮುಖ ಪಡದೆಯ ತುಂಬ ದೊಡ್ಡದಾಗಿ ಬಂದು ನಿಂತಿತು. ಕಣ್ಣು ಅರೆ ಮುಚ್ಚಿದ್ದವು, ಮಳೆ ಹನಿ ಕೆನ್ನೆಯ ಮೇಲೆ ಇಳಿಯುತ್ತಿತ್ತು. ಯಂತ್ರದ ಸದ್ದು ಒಂದೇ ಕೇಳುತ್ತಿತ್ತು.

ಆಗ ಪರದೆಯ ಹಿಂದಿನಿಂದ ದನಿ ಎದ್ದಿತು.

"ನನ್ನ ತಮ್ಮಾ, ಬುತ್ತಿ ಕಟ್ಟಿ ಕೊಟ್ಟಿದ್ನೆಲ್ಲೋ, ಯಾ ನೀರ ದಂಡ್ಯಾಗ ಬಿಚ್ಚಿದೆಪ್ಪಾ. ನಿನ್ನ ಮಾರಿ ತೊಳಿಯಾಕ ಅಕ್ಕನ ಕೈ ಬರಲಿಲ್ಲಲ್ಲೋ, ಮಳಿ ಬಂದು ತೊಳದ ಹೋತಲ್ಲೋ."

ಈರಬಸಪ್ಪ ಆ ದನಿಯನ್ನು ಹಂದರದ ಕಂಬದ ಹತ್ತಿರ ನಿಂತು ಕೇಳಿದ್ದ, ಆಮೇಲೆ ಕೇಳಿರಲಿಲ್ಲ. ಸ್ವಲ್ಪ ಒರಟಾಗಿತ್ತು, ಆದರೆ ಅದೇ ದನಿ. ಗಂಡಸರು ಹಿಂದೆ ತಿರುಗಿ ನೋಡತೊಡಗಿದರು. ಪಂತರು ಗಾಬರಿಯಾಗಿ ನಡುವಿನ ದಾರಿಗೆ ಬಂದು, ಆ ಕಾನಡಿ ಬಾಯಿ ಯಾರ ಮನೆಯವರು, ಮೈ ನೆಟ್ಟಗಿಲ್ಲದಿದ್ದರೆ ಹೊರಗೆ ಕರೆದುಕೊಂಡು ಹೋಗಿ ಎಂದರು. ಗುಂಪಿನಲ್ಲಿ ಕನ್ನಡದ ಗಂಡಸು ಈರಬಸಪ್ಪ ಒಬ್ಬನೇ. ಖಣ ಕೊಳ್ಳುವ ಮನೆಗಳ ಯಜಮಾನರೆಲ್ಲ ಆತನನ್ನು ನೋಡಿದರು. ಆತ ರುಮಾಲು ಹಣೆಗೆ ಎಳೆದುಕೊಂಡು ಬೆಂಚಿನ ಮೇಲೆ ಇನ್ನಷ್ಟು ಕುಗ್ಗಿದ.

ಹಿಂದೆ ಹಾಡು ನಿಲ್ಲಲಿಲ್ಲ.

"ನೀ ಮಣ್ಣಾಗ ಮಲಗಿದ್ದೆಲ್ಲೋ ತಮ್ಮಾ, ನಾ ಅರಿಷಿಣದ ಹಾಡ ಹಾಡಿದ್ನೆಲ್ಲೋ. ಗೊತ್ತಿದ್ದವರು ಹೇಳಲಿಲ್ಲಲ್ಲೋ, ಗೊತ್ತಿಲ್ಲದಾಕಿ ಕುಣದಾಡಿದ್ನೆಲ್ಲೋ. ಹೊತ್ತವರು ಯಾರೋ ಇಳಿಸಿದವರು ಯಾರೋ, ನಮ್ಮವರು ಒಬ್ಬರೂ ಬರಲಿಲ್ಲಲ್ಲೋ."

ಆ ಮಾತು ಅಲ್ಲಿದ್ದ ಯಾರಿಗೂ ತಿಳಿಯಲಿಲ್ಲ, ಈರಬಸಪ್ಪನಿಗೆ ಮಾತ್ರ ತಿಳಿಯಿತು. ಇಷ್ಟು ವರ್ಷ ಆಕೆ ಉಪ್ಪು ಸರಿಯಾಗಿ ಹಾಕಿ ಬಡಿಸುತ್ತ ಇದನ್ನೇ ಗಂಟಲಲ್ಲಿ ಹಿಡಿದುಕೊಂಡಿದ್ದಳು. ಅಷ್ಟರಲ್ಲಿ ಪಡದೆಯ ಮೇಲಿನ ಮುಖ ಕುಲುಕಿ, ಬೆಳ್ಳಗಾಗಿ, ಹೋಗಿಬಿಟ್ಟಿತು. ರೀಲು ಮುಗಿದಿತ್ತು. ದೀಪ ಹತ್ತಿತು. ಹಿಂದಿನ ದನಿ ಒಂದು ಸೊಲ್ಲಿನ ನಡುವೆಯೇ ನಿಂತಿತು.

ಗಂಡಸರು ಛತ್ರಿ ಹುಡುಕುತ್ತ ಎದ್ದರು. ಪರದೆಯ ಆ ಬದಿಯಿಂದ ಮಾತ್ರ ಒಬ್ಬರೂ ಏಳುವ ಸದ್ದಿಲ್ಲ. ಈರಬಸಪ್ಪ ಎದ್ದು ಪರದೆಯ ಅಂಚು ಸರಿಸಿ ನೋಡಿದ. ಬಸವಣ್ಣೆವ್ವ ಬರಿಯ ಪಡದೆಯನ್ನು ನೋಡುತ್ತ ಕೂತಿದ್ದಳು. ಬಾಯಿ ಇನ್ನೂ ಅರೆ ತೆರೆದಿತ್ತು. ಕಣ್ಣಲ್ಲಿ ಒಂದು ಹನಿ ಇರಲಿಲ್ಲ. ಗೋದಾಬಾಯಿ ಆಕೆಯ ಬೆನ್ನಿನ ಮೇಲೆ ಕೈ ಇಟ್ಟಿದ್ದರು. ಫ್ರಾನ್ಸಿನಲ್ಲಿ ಅಣ್ಣನನ್ನು ಕಳೆದುಕೊಂಡ ಮಾವಳ ಸೀಮೆಯ ಹೆಣ್ಣುಮಗಳೊಬ್ಬಳು ಪಕ್ಕದಲ್ಲಿ ಬಿಕ್ಕುತ್ತಿದ್ದಳು, ಉಳಿದವರೂ ಸೆರಗಿನಲ್ಲಿ ಮುಖ ಒರೆಸುತ್ತಿದ್ದರು. ಹಾಡಿದವಳು ಮಾತ್ರ ಅತ್ತಿರಲಿಲ್ಲ. ಅಳು ಬರುವಷ್ಟರಲ್ಲಿ ಹೆಣವನ್ನು ಎತ್ತಿಬಿಟ್ಟಿದ್ದರು.

ಈರಬಸಪ್ಪ ಪಂತರ ಹತ್ತಿರ ಹೋದ. ಅಂಗಡಿಯ ಮರಾಠಿ ಅಂಗಡಿಗೆ ಸಾಕಾಗುತ್ತಿತ್ತು, ಇಂಥದಕ್ಕೆ ಸಾಲಲಿಲ್ಲ. ತಡವರಿಸಿದ. ಕೊನೆಗೆ, ಆ ಹೆಣ್ಣುಮಗಳು ನನ್ನ ಮನೆಯಾಕೆ, ಸತ್ತವನು ಆಕೆಯ ತಮ್ಮ ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಚಿತ್ರದ ಹುಡುಗನೋ ಎಂದು ಪಂತರು ಕಣ್ಣು ಬಿಟ್ಟರು. ಬಸರಾದ ಆ ಕಡೆ ಸತ್ತ ಹುಡುಗ, ಮುಖ ನೋಡಲು ಸಿಗಲಿಲ್ಲ ಎಂದು ಈತ ವಿವರಿಸಿದ. ಪಂತರಿಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಆ ಮುಖವನ್ನು ಪಡದೆಯ ಮೇಲೆ ಸ್ವಲ್ಪ ಹೊತ್ತು ನಿಲ್ಲಿಸಲು ಬರುತ್ತದೆಯೇ ಎಂದು ಈರಬಸಪ್ಪ ಕೇಳಿದಾಗ ಅವರು ಹೌಹಾರಿದರು. ಯಂತ್ರ ನಿಂತರೆ ರೀಲಿಗೆ ಬೆಂಕಿ ಹತ್ತುತ್ತದೆ, ಥೇಟರೇ ಸುಟ್ಟು ಹೋಗುತ್ತದೆ ಎಂದರು.

"ಹಂಗಾರ ಇನ್ನೊಂದು ಸಲ ಓಡಸ್ರಿ," ಎಂದ ಈರಬಸಪ್ಪ. ಗಡಿಬಿಡಿಯಲ್ಲಿ ಮಾತು ಕನ್ನಡದಲ್ಲೇ ಬಂದಿತ್ತು, ಅದನ್ನು ಮರಾಠಿಗೆ ತರುವ ಪುರಸೊತ್ತೂ ಆತನಿಗಿರಲಿಲ್ಲ. "ಕೊಟ್ಟ ಹೆಣ್ಣಮಕ್ಕಳು ಬರೋತನಕ ನಮ್ಮ ಕಡೆ ಹೆಣಾ ಎತ್ತೂದಿಲ್ರಿ. ನನ್ನ ಸಲುವಾಗಿ ಆಕಿಗೆ ತಡಾ ಆತು. ಈಗ ಬಂದಾಳ್ರಿ. ಒಂದು ಗಳಿಗಿ ಇಡ್ರಿ."

ಪಂತರು ಆತನ ಮುಖವನ್ನೇ ನೋಡುತ್ತ ನಿಂತರು. ಕನ್ನಡ ತಿಳಿಯದಿದ್ದರೂ, ಮರ್ಯಾದೆಗೆ ಸಾಯುವ ಖಣದ ಶೇಠಜಿ ನಾಲ್ಕು ಜನರ ನಡುವೆ ಕೈ ಜೋಡಿಸಿ ನಿಂತದ್ದು ತಿಳಿಯಿತು. ಪರದೆಯ ಹಿಂದಿನಿಂದ ಗೋದಾಬಾಯಿ, ಮಳೆ ನಿಲ್ಲುವತನಕ ನಾವು ಯಾರೂ ಏಳುವುದಿಲ್ಲ, ಸುಮ್ಮನೆ ಕೂರುವ ಬದಲು ಕೊನೆಯ ಭಾಗವನ್ನು ಮತ್ತೆ ಹಾಕಬಾರದೇ ಎಂದು ಗಟ್ಟಿಯಾಗಿ ಕೇಳಿದರು. ಪಂತರು ಮೇಲೆ ತಿರುಗಿ, ಯಂತ್ರ ನೋಡಿಕೊಳ್ಳುವ ಅವಧೂತನಿಗೆ ರೀಲು ಸುತ್ತಲು ಹೇಳಿದರು. ಬಾಗಿಲಿಗೆ ಹೋಗಿದ್ದ ಗಂಡಸರು ಕೆಲವರು ತಿರುಗಿ ಬಂದು ಬೆಂಚಿನ ಮೇಲೆ ಕೂತರು. ಹಳೆಯ ಪಲಟಣದ ಮುದುಕನೊಬ್ಬ ಕೂರದೆ, ಗೋಡೆಗೆ ಒರಗಿ ನಿಂತ.

ದೀಪ ಆರಿತು. ಹಾಲಿನ ಹುಡುಗ ಮತ್ತೆ ಕಂದಕದಿಂದ ಹೊರಗೆ ತೆವಳಿದ. ಈ ಸಲ ಎಲ್ಲರಿಗೂ ಗೊತ್ತು. ಹೋಗಬೇಡ ಎಂದು ಹಿಂದೆ ಒಬ್ಬ ಹೆಂಗಸು ಮರಾಠಿಯಲ್ಲಿ ಮೆಲ್ಲಗೆ ಹೇಳಿದಳು. ಹುಡುಗ ಹೋದ, ಬಿದ್ದ. ಮುಖ ಬಂದು ನಿಂತಿತು.

ಬಸವಣ್ಣೆವ್ವ ಮತ್ತೆ ಸುರು ಮಾಡಿದಳು. ಲಕಡಿ ಪುಲ್ಲಿನ ನೀರು ಬಂತು ಅದರಲ್ಲಿ, ಜೇಜುರಿಯ ಭಂಡಾರ ಬಂತು, ಗಜಕೋಲು ಹಿಡಿದು ತೂಕಡಿಸಿದ್ದು ಬಂತು. ಬಂದವರನ್ನು ತೋರಿಸುವ ಹೊತ್ತಾಯಿತು. ಗೋದಾಬಾಯಿ ಬಂದಾರ ನೋಡೋ ಎಂದಳು, ಹೆಸರು ಗೊತ್ತಿಲ್ಲದ ತಾಯಂದಿರು ಬಂದಾರ ನೋಡೋ ಎಂದಳು. ಆ ಮುಖಕ್ಕೆಂದು ಹೆಂಗಸರು ಎಸೆದ ಪತ್ರೆಯ ಎಲೆಗಳು ಪರದೆಯ ಮೇಲಿಂದ ಹಾರಿ ಗಂಡಸರ ತಲೆಯ ಮೇಲೆ ಬಿದ್ದವು. ಈರಬಸಪ್ಪ ಕೈಯಿಂದ ಪರದೆಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಬಾರದವರನ್ನು ದೂರುವ ಮಾತಿಗಾಗಿ ಕಾಯುತ್ತ ನಿಂತ. ಬರಲಿ, ಎಲ್ಲರ ಮುಂದೆ ಬರಲಿ, ತನ್ನ ಹೆಸರು ಹಿಡಿದೇ ಬರಲಿ ಎಂದುಕೊಂಡ.

ಬಸವಣ್ಣೆವ್ವನ ದನಿ ಅಲ್ಲಿ ಒಡೆಯಿತು. ಇಷ್ಟು ವರ್ಷದ ಅಳು ಒಮ್ಮೆಲೇ ಬಂದು ಸೊಲ್ಲು ಕೂಡದಂತಾಯಿತು. ಆ ಅಳುವಿನ ನಡುವೆಯೇ ತಡೆದು ತಡೆದು ಹೇಳಿದಳು.

"ಕಣ್ಣ ತೆರಿಯೋ ತಮ್ಮಾ, ಮಾವ ಬಂದಾನ ನೋಡೋ. ತಡಾ ಮಾಡಿ ಬಂದಾನ, ಸಿಟ್ಟ ಮಾಡಬ್ಯಾಡೋ."

ಈರಬಸಪ್ಪ ರುಮಾಲು ತೆಗೆದ. ಗಂಡಸರು ಹಾಡಿಕೊಂಡು ಅಳುವ ಪದ್ಧತಿ ಅವರಲ್ಲಿಲ್ಲ. ಪಡದೆಯ ಮೇಲಿನ ಆ ಪರದೇಶದ ಹುಡುಗನಿಗೆ ಕೇಳುವಷ್ಟು ಗಟ್ಟಿಯಾಗಿ ಆತ ಹೇಳಿದ:

"ಬಂದೀನಿ ಶಿವಪುತ್ರಾ."